ಶೇವಿಂಗ್ ಸೆಟ್ಟು ನಮ್ಮ ಕೇರಿಗೆ ಬಂದದ್ದು

ನಮ್ಮ ನಂಜನಗೂಡು, ನರಸೀಪುರದ ಕಡೆ ಶೇವಿಂಗ್ ಅನ್ನೋ ಮಾತು ಸಾಮಾನಿಗಷ್ಟೆ. ಶೇವಿಂಗ್ ಸೆಟ್ಟು, ಶೇವಿಂಗ್ ಸೋಪು. ಕೆಲಸಕ್ಕೆ ಗಡ್ಡ ಕೆರ್ಕಳದು ಅಂತಲೇ ಅಂತೀವಿ. ತಲೆಗಾದ್ರೆ ಚೌರ, ದೇವರಿಗಾದ್ರೆ ಮುಡಿ. ಹಿಂದೆ ಮೂರಕ್ಕೂ ಕತ್ತಿ ಒಂದೇಯ, ಅದನ್ನ ಹಿಡಿಯೋ ಕೈಯೂ ಒಂದೇಯ. ಆ ಕೈ ತಪ್ಪಿಸ್ಕಂಡು ಗಡ್ಡ ಮನೆ ಕನ್ನಡಿ ಮುಂದಕ್ಕೆ ಹೆಂಗೆ ಬಂತು ಅನ್ನೋದು ಈ ಸಲದ ಕತೆ.

ಊರಲ್ಲಿ ಚೌರದವರಿಗೆ ದುಡ್ಡು ಕೊಡೋ ರೂಢಿ ಇರ್ಲಿಲ್ಲ. ಅವರು ಆಯಗಾರರು. ಮಡಿವಾಳರು, ಕುಂಬಾರರು, ಕಮ್ಮಾರರ ಹಂಗೆ ಅವರಿಗೂ ಸುಗ್ಗಿಲಿ ಕಣದತ್ರ ಭತ್ತವೋ ರಾಗಿಯೋ ಅಳೆದು ಕೊಡೋರು. ವರ್ಷಪೂರ್ತಿ ಆ ಒಕ್ಕಲಿನ ಗಡ್ಡ, ತಲೆ ಎಲ್ಲಾ ಅವರ ಜವಾಬ್ದಾರಿ. ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ನಮ್ಮ ನರಸೀಪುರ ತಾಲ್ಲೂಕಿನ ಕೊಡಗಹಳ್ಳೀಲಿ ಉಳಕಂಡು ಇಂಥ ಕೊಡುಕೊಳ್ಳೋದನ್ನೆಲ್ಲ ಬರಕಂಡ್ರು. ಆ ಟಿಪ್ಪಣಿಗಳನ್ನ ಮುಂದಿಟ್ಕಂಡು ಪುಸ್ತಕ ಬರೆಯಾಕೆ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗಿದ್ದಾಗ, 1970ರಲ್ಲಿ ಅಲ್ಲಿಯ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟು ಕಾಗದ ಎಲ್ಲ ಸುಟ್ಟೋದ್ವು. ಆಮೇಲೆ ನೆನಪಿನಿಂದಲೇ ಬರೆದ್ರು. 1976ರಲ್ಲಿ ಬಂದ ಆ ಪುಸ್ತಕದಲ್ಲಿ ಕೊಡಗಹಳ್ಳಿ ಹೆಸರು ‘ರಾಂಪುರ’.

ಚೌರಕ್ಕೆ ನೇಮ ಬಾಳ. ಕತ್ತಿ ತಾಗಿದ ಮೈ ಮೈಲಿಗೆ, ಮೀಯೋವರೆಗೂ ಒಳಗೆ ಬರಂಗಿಲ್ಲ, ಅದಕ್ಕೇ ಹಿತ್ತಲಲ್ಲೋ ಜಗಲಿ ಆಚೆಯೋ ಕುಂತ್ಕಬೇಕು. ಸೋಮವಾರ ನಂಜುಂಡೇಶ್ವರನ ವಾರ, ಬ್ಯಾಡ. ಮಂಗಳವಾರ ಬ್ಯಾಡ, ಶುಕ್ರವಾರ ಬ್ಯಾಡ, ಶನಿವಾರ ಮೊದ್ಲೇ ಬ್ಯಾಡ. ಅಮಾಸೆ, ಹಬ್ಬ ಕಳೆದ್ರೆ ವಾರಕ್ಕೆ ಎಷ್ಟು ದಿನ ಉಳೀತದೆ ನೀವೇ ಎಣಿಸ್ಕಳಿ. ತಮಾಷೆ ಅಂದ್ರೆ ಅದೇ ಚೌರದವರು ಮದುವೆ ಮನೇಲಿ ವಾಲಗ ಊದಿದ್ರೆ ಮಂಗಳ! ಕೈಯಲ್ಲಿ ಕತ್ತಿ ಇದ್ರೆ ಮೈಲಿಗೆ, ನಾಗಸ್ವರ ಇದ್ರೆ ಮಂಗಳ. ಅವರ ಕಸುಬಿನ ಹೆಸರನ್ನೇ ಬೈಗುಳ ಮಾಡ್ಕಂಡವರು ನಾವು. ಈಗ ಅವರು ಸವಿತಾ ಸಮಾಜ ಅಂತ ಹೇಳ್ಕಂತಾರೆ, ನ್ಯಾಯವೇಯ.

ಈ ಆಯದ ಲೆಕ್ಕದಲ್ಲಿ ನಮ್ಮ ಕೇರಿ ಇರ್ಲಿಲ್ಲ. ಹೊಲಗೇರಿಯವರ ಗಡ್ಡಕ್ಕೆ ಊರ ಕತ್ತಿ ತಾಗಂಗಿಲ್ಲ. ನಮ್ಮ ತಾತನ ಕಾಲಕ್ಕೆ ಕೇರೀಲೇ ಕೈ ಪಳಗಿದವರೊಬ್ಬರು ಎಲ್ಲಾರಿಗೂ ಕೆರೀತಿದ್ರಂತೆ. ಕತ್ತಿ ಸಾಣೆ ಸರಿಯಾಗಿ ಕಂಡಿರ್ತಿರ್ಲಿಲ್ಲ, ಸೋಪಿನ ಮಾತೇ ಇಲ್ಲ, ತಣ್ಣೀರು. ‘ಕಣ್ಣಲ್ಲಿ ನೀರು ಬತ್ತಿತ್ತು, ಗಡ್ಡದಲ್ಲಿ ರಕ್ತ ಬತ್ತಿತ್ತು’ ಅಂತ ತಾತ ನಗಾಡ್ಕಂಡು ಹೇಳೋರು. 1955ರಲ್ಲಿ ಅಸ್ಪೃಶ್ಯತೆ ಆಚರಿಸಿದ್ರೆ ಶಿಕ್ಷೆ ಅಂತ ಕಾನೂನು ಬಂತು. ಕಾನೂನು ಕಾಗದದಲ್ಲಿ ಬಂತು, ಕತ್ತಿ ಕೇರಿಗೆ ಬರ್ಲಿಲ್ಲ. ಅದರ ಬದಲು ಬಂದದ್ದು ಸೆಟ್ಟು.

ಸೆಟ್ಟಿನ ಮೂಲ ಅಮೆರಿಕ. ಕಿಂಗ್ ಕ್ಯಾಂಪ್ ಜಿಲೆಟ್ ಅನ್ನೋ ಮಾರಾಟದ ಆಸಾಮಿಗೆ ಬಂದ ಯೋಚನೆ ಇದು: ಸಾಣೆ ಹಿಡಿಯೋ ತಾಪತ್ರಯವೇ ಬ್ಯಾಡ, ತೆಳ್ಳಗಿನ ಅಲುಗು, ಮೊಂಡಾದ್ರೆ ಬಿಸಾಕು. ಅಷ್ಟು ತೆಳ್ಳಗಿನ ಉಕ್ಕಿಗೆ ಹದ ಕೊಡಾಕೆ ಆಗಲ್ಲ ಅಂದ್ರಂತೆ ಬಲ್ಲವರು. ವಿಲಿಯಂ ನಿಕರ್ಸನ್ ಅನ್ನೋ ಎಂಜಿನಿಯರ್ರು ಅದನ್ನ ಸಾಧಿಸಿದ್ರು. 1903ರಲ್ಲಿ ಮಾರಾಟವಾದದ್ದು 51 ರೇಜರ್ರು, 168 ಬ್ಲೇಡು. ಮಾರನೇ ವರ್ಷ ರೇಜರ್ರು 90,000 ದಾಟಿತು, ಪೇಟೆಂಟೂ ಸಿಕ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸಿಪಾಯಿಗಳಿಗೆಲ್ಲ ಒಂದೊಂದು ಸೆಟ್ಟು ಹಂಚಿದ ಮೇಲೆ ಗಂಡಸರು ತಾವೇ ಕೆರ್ಕಳದು ಲೋಕದ ರೂಢಿ ಆಯ್ತು.

ಒಳಗಿನ ಉಪಾಯ ಸಣ್ಣದು. ಬ್ಲೇಡು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು, ಬೆರಳಲ್ಲಿ ಹಿಡಿದ್ರೆ ಬಳುಕುತದೆ. ಮೇಲಿನ ಮುಚ್ಚಳಕ್ಕೂ ಕೆಳಗಿನ ತಟ್ಟೆಗೂ ನಡುವೆ ಇಟ್ಟು ಹಿಡಿ ತಿರುಗಿಸಿದ್ರೆ ಅದು ಬಿಲ್ಲಿನ ಹಂಗೆ ಬಾಗಿ ಬಿಗೀತದೆ, ಅಂಚು ಗಟ್ಟಿಯಾಗ್ತದೆ. ತಟ್ಟೆಯ ಅಂಚು ಚರ್ಮವನ್ನ ತಡೆದು ಹಿಡೀತದೆ, ಕೂದಲನ್ನ ಮಾತ್ರ ಬ್ಲೇಡಿಗೆ ಒಡ್ಡುತದೆ. ಕೈ ಪಳಗದವನೂ ಗಂಟಲು ಕುಯ್ಕಳಲ್ಲ.

ನಮ್ಮಪ್ಪ ಸೆಟ್ಟು ತಂದದ್ದು 1970ರ ಆಸುಪಾಸು, ನಂಜನಗೂಡಿನ ದೊಡ್ಡ ಜಾತ್ರೇಲಿ. ಐದು ತೇರು ನೋಡಾಕೆ ಹೋದವರು ಬಾಳೆಹಣ್ಣು, ಪುರಿ ಜೊತೆ ಇದನ್ನೂ ಕಟ್ಟಿಸ್ಕಂಡು ಬಂದ್ರು. ಕೇರೀಲಿ ಅದೇ ಮೊದಲಲ್ಲ, ಮೈಸೂರಲ್ಲಿ ಕೆಲಸಕ್ಕಿದ್ದವರು ಒಬ್ಬಿಬ್ಬರು ಮೊದಲೇ ತಂದಿದ್ರು. ಭಾರತ್ ಬ್ಲೇಡು. ಬರೀ ಉಕ್ಕು, ನೀರು ಒರೆಸದಿದ್ರೆ ಬೆಳಿಗ್ಗೆಗೆ ತುಕ್ಕು. ಮೊಂಡಾದ ಬ್ಲೇಡನ್ನ ಗಾಜಿನ ಲೋಟದ ಒಳಮೈಗೆ ಉಜ್ಜಿ ಉಜ್ಜಿ ಇನ್ನೊಂದು ವಾರ ತಳ್ಳೋರು. ಆಮೇಲೆ ಅದು ಅವ್ವನ ಪಾಲು: ಹೊಲಿಗೆ ಬಿಚ್ಚಾಕೆ, ಉಗುರು ತೆಗೆಯಾಕೆ. ಅದಾದ ಮೇಲೆ ನಮ್ಮ ಪಾಲು, ಪೆನ್ಸಿಲ್ಲಿಗೆ. ಕುಯ್ಕಂಡ ಜಾಗಕ್ಕೆ ಪಟಿಕ. ಸೆಟ್ಟು ಬಂದ ಮೇಲೆ ಅಪ್ಪ ಸೋಮವಾರವೂ ಕೆರ್ಕಂಡ್ರು, ಯಾರ ದಾರಿಯನ್ನೂ ಕಾಯಲಿಲ್ಲ. ತಲೆಗೆ ಮಾತ್ರ ಬಸ್ಸು ಹತ್ತಿ ಪೇಟೆಗೇ ಹೋಗಬೇಕಿತ್ತು, ಅಲ್ಲಿ ಜಾತಿ ಕೇಳೋರು ಕಮ್ಮಿ.

ಈ ಸಂಕಟ ಗಾಂಧೀಜಿಗೂ ಗೊತ್ತಿತ್ತು. ಪ್ರಿಟೋರಿಯಾದಲ್ಲಿ ಬಿಳಿ ಕ್ಷೌರದವನು ಅವರ ತಲೆ ಮುಟ್ಟಾಕೆ ಒಪ್ಪಲಿಲ್ಲ. ಕತ್ತರಿಸೋ ಮಿಷನ್ನು ತಕ್ಕಂಡು ಕನ್ನಡಿ ಮುಂದೆ ತಾವೇ ಕತ್ತರಿಸ್ಕಂಡ್ರು, ಹಿಂದ್ಲೆಲ್ಲ ಕೆಟ್ಟೋಯ್ತು, ಇಲಿ ಕಡಿದವಾ ಅಂತ ಕೋರ್ಟಲ್ಲಿ ಸ್ನೇಹಿತರು ನಕ್ಕರು. ಆದರೆ ಆ ಕ್ಷೌರದವನ ಮೇಲೆ ಅವರು ತಪ್ಪು ಹೊರಿಸಲಿಲ್ಲ. ಕರಿಯರ ತಲೆ ಮುಟ್ಟಿದ್ರೆ ಅವನ ಗಿರಾಕಿ ಹೋಗ್ತಾರೆ, ನಾವೂ ನಮ್ಮೂರಲ್ಲಿ ಅಸ್ಪೃಶ್ಯರಿಗೆ ಚೌರ ಮಾಡಾಕೆ ಬಿಡಲ್ಲವಲ್ಲ ಅಂತ ಆತ್ಮಕತೇಲಿ ಬರ್ಕಂಡವ್ರೆ.

ಆ ಮಾತು ಹಳೇದಾಗಿಲ್ಲ. 2020ರ ನವೆಂಬರಿನಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರ ಸುದ್ದಿ ದೇಶದ ಪೇಪರಿಗೆಲ್ಲ ಬಂತು. ದಲಿತರಿಗೆ ಕಟಿಂಗ್ ಮಾಡಿದ್ದಕ್ಕೆ 50,000 ರೂಪಾಯಿ ದಂಡ ಹಾಕಿ ಬಹಿಷ್ಕಾರ ಹಾಕವ್ರೆ ಅಂತ ಅಲ್ಲಿಯ ಚೌರದ ಕುಟುಂಬವೇ ದೂರು ಹೇಳ್ತು. ದಂಡ ಬಿದ್ದದ್ದು ಕತ್ತರಿ ಹಿಡಿದವರಿಗೆ ಅನ್ನೋದನ್ನ ಗಮನಿಸಿ. ಊರ ಕಟ್ಟು ಅವರ ಕೊರಳಿಗೂ ಸುತ್ತಿದೆ.

ನಂಜುಂಡಪ್ಪನ ಮುಂದೆ ಮಾತ್ರ ತಲೆ ಎಲ್ಲಾ ಬೋಳೇಯ. ಕಪಿಲೆ ಕಡೆ ಮುಡಿ ಕೊಡಾಕೆ ಕುಂತವರನ್ನ ಒಸಿ ಹೊತ್ತು ನೋಡಿ. ಕಟ್ಟಿ ಮಡಿಸೋ ಹಳೇ ಕತ್ತಿ ಕಾಣಲ್ಲ. ಸೆಟ್ಟಿನ ಬ್ಲೇಡನ್ನೇ ಕಾಗದದ ಸಮೇತ ನಡುವಿಗೆ ಮುರಿದು, ಅರ್ಧವನ್ನ ಹಿಡಿಗೆ ಸಿಕ್ಕಿಸ್ತಾರೆ, ಒಂದು ತಲೆಗೆ ಒಂದು ಅರ್ಧ. ಏಡ್ಸ್ ಭಯ ಹರಡಿದ ಮೇಲೆ ಹೊಸ ಬ್ಲೇಡು ಹಾಕಿ ಅಂತ ಕೇಳೋದು ಎಲ್ಲಾರಿಗೂ ಅಭ್ಯಾಸವಾಯ್ತು. ಮನೇಲಿ ಜನ ಬಿಟ್ಟ ಬ್ಲೇಡು ಚೌರದ ಅಂಗಡೀಲಿ ಉಳಕಂಡದ್ದು ಹಿಂಗೆ.

ಮನೇಲಿ ಬಿಟ್ಟದ್ದು ಯಾಕೆ ಅಂದ್ರೆ ಕಾರ್ಟ್ರಿಜ್. 1971ರಲ್ಲಿ ಜಿಲೆಟ್ ಕಂಪನಿಯವರೇ ಎರಡು ಅಲುಗಿನದ್ದು ತಂದ್ರು, ಆಮೇಲೆ ಮೂರು, ಐದು. ಇಂಡಿಯಾಕ್ಕೆ ಅಂತ 2002ರಲ್ಲಿ ಒಂದು ರೇಜರ್ ಮಾಡಿ, ಅಮೆರಿಕದಲ್ಲಿ ಓದ್ತಿದ್ದ ನಮ್ಮ ಹುಡುಗರ ಕೈಲಿ ಪರೀಕ್ಷೆ ಮಾಡಿಸಿದ್ರು. ಅಲ್ಲಿ ಚೆನ್ನಾಗೇ ನಡೀತು. ಇಲ್ಲಿ ಬಂದ್ರೆ ಕೂದಲು ಸಿಕ್ಕಂಡು ಕಟ್ಕಂತು, ಯಾಕಂದ್ರೆ ಅಲ್ಲಿ ನಲ್ಲಿ, ಇಲ್ಲಿ ಚೊಂಬು! ನೆಲದ ಮೇಲೆ ಕುಂತು, ಕನ್ನಡಿ ಗೋಡೆಗೆ ಒರಗಿಸಿ, ಒಂದು ಲೋಟ ನೀರಲ್ಲಿ ಮುಗಿಸೋರು ನಾವು. ಅದನ್ನ ಅರಿತು 2010ರಲ್ಲಿ ಒಂದೇ ಅಲುಗಿನ ಗಾರ್ಡ್ ತಂದ್ರು, ಹಿಡಿಗೆ 15 ರೂಪಾಯಿ, ಅಲುಗಿಗೆ 5. ಸುತ್ತಿ ಬಳಸಿ ಒಂದೇ ಅಲುಗಿಗೆ ವಾಪಸು ಬಂದಂಗಾಯ್ತು, ಪ್ಲಾಸ್ಟಿಕ್ ಒಂದು ಹೆಚ್ಚಿಗೆ.

ನಾನು ಈಗಲೂ ಅಪ್ಪನ ಹಿಡಿಯನ್ನೇ ಬಳಸ್ತೀನಿ. ಬ್ಲೇಡು ಎರಡು ಮೂರು ರೂಪಾಯಿ, ವಾರ ಬರ್ತದೆ. ಸ್ಟೇನ್‌ಲೆಸ್, ಲೋಟಕ್ಕೆ ಉಜ್ಜೋ ಕೆಲಸ ಇಲ್ಲ. ಒತ್ತಬೇಡಿ, ರೇಜರಿನ ತೂಕವೇ ಸಾಕು. ಮೊದಲು ಬಿಸಿನೀರಲ್ಲಿ ಗಡ್ಡ ನೆನೆಸಿ, ಕೂದಲು ಬೆಳೆದ ದಿಕ್ಕಿಗೇ ಎಳೀರಿ. ಹಳೇ ಬ್ಲೇಡನ್ನ ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ. ಆ ಕಸ ಬೇರೆ ಮಾಡೋದು ಪೌರಕಾರ್ಮಿಕರ ಬರಿಗೈ, ಆ ಕೈಗಳು ಯಾವ ಕೇರಿಯವು ಅಂತ ಹೇಳಬೇಕಿಲ್ಲ. ಹಾಲಿನ ಪುಡಿ ಡಬ್ಬದ ಮುಚ್ಚಳಕ್ಕೆ ಸೀಳು ಹೊಡೆದು ಒಂದೊಂದೇ ತೂರಿಸ್ತೀನಿ. ನಾಲ್ಕು ವರ್ಷವಾಯ್ತು, ಅರ್ಧವೂ ತುಂಬಿಲ್ಲ. ತುಂಬಿದ ಮೇಲೆ ಮುಚ್ಚಳ ಬಡಿದು ಗುಜರಿಯವರಿಗೆ ಕೊಡೋದು.