ಐದು ಮಂದಿಗೆ ನಾಲ್ಕು ಮಂದಿಯ ಕೆಲಸ



ಇದನ್ನು ಓದುವ ಮೊದಲು ಕೈಯಲ್ಲೊಂದು ಪೆನ್ಸಿಲ್ ಹಿಡಿದುಕೊಳ್ಳಿ. ನಡುವೆ ಒಂದು ಚಿಕ್ಕ ಲೆಕ್ಕ ಬರುತ್ತದೆ. ಹದಿನೈದು ನಿಮಿಷದ ಕಾರ್ಯಕ್ರಮದಲ್ಲಿ ಆ ಲೆಕ್ಕಕ್ಕೆ ಸಮಯ ಸಾಲುವುದಿಲ್ಲ. ಪರದೆಯ ಮೇಲೆ ಅಂಕಿಗಳು ಬಂದು ಮಾಯವಾಗುತ್ತವೆ, ಪುಸ್ತಕದಲ್ಲಿ ಮಾತ್ರ ನಿಂತಿರುತ್ತವೆ.

ಒಂದು ಕಾರ್ಖಾನೆಯಲ್ಲಿ ಐದು ಮಂದಿ ಕೆಲಸಗಾರರಿದ್ದಾರೆ ಎಂದಿಟ್ಟುಕೊಳ್ಳಿ. ವಾರಕ್ಕೆ ಐದು ದಿನದ ಕೆಲಸ. ಬೇಡಿಕೆ ಕುಸಿದು ನಾಲ್ಕು ಮಂದಿಗೆ ಸಾಕಾಗುವಷ್ಟೇ ಕೆಲಸ ಉಳಿಯಿತು. ಮಾಲೀಕನೆದುರು ಎರಡು ದಾರಿಗಳಿವೆ. ಒಬ್ಬನನ್ನು ಮನೆಗೆ ಕಳುಹಿಸಬಹುದು, ಇಲ್ಲವೇ ಐವರಿಗೂ ನಾಲ್ಕು ನಾಲ್ಕು ದಿನದ ಕೆಲಸ ಹಂಚಬಹುದು. ಗಣಿತಕ್ಕೆ ಎರಡೂ ಒಂದೇ, ಇಪ್ಪತ್ತು ಆಳುದಿನಗಳು. ಮನೆಗಳಿಗೆ ಅದು ಒಂದೇ ಅಲ್ಲ. ಈ ಎರಡು ದಾರಿಗಳಲ್ಲಿ ಯಾವುದನ್ನು ಕಾನೂನು ಸುಲಭ ಮಾಡುತ್ತದೆ, ಅದಕ್ಕೆ ಬೇಕಾದ ಹಣವನ್ನು ಯಾರಿಂದ ಹೇಗೆ ವಸೂಲು ಮಾಡುತ್ತದೆ ಎಂಬುದೇ ಇಲ್ಲಿ ಹೇಳಹೊರಟಿರುವ ಚರಿತ್ರೆ. ಅದು ಬಹುಮಟ್ಟಿಗೆ ಅಮೆರಿಕದ ರಾಜ್ಯಗಳ ಶಾಸನಸಭೆಗಳಲ್ಲಿ ನಡೆದದ್ದು.

ಮೊದಲು ನಮ್ಮ ಮನೆಯ ಒಂದು ಮಾತು. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಸೋದರಮಾವ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಒಂದು ಮಳೆಗಾಲದಲ್ಲಿ ಅವರು ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು ಹೋಗಿ, ಹತ್ತು ಗಂಟೆಯೊಳಗೆ ಮನೆಗೆ ಬಂದುಬಿಡುತ್ತಿದ್ದರು. ಮಾವನಿಗೆ ರಜೆ ಎಂದು ಹುಡುಗರಾದ ನಮಗೆ ಖುಷಿಯೋ ಖುಷಿ. ಅತ್ತೆ ಹಾಲನ್ನು ಅರ್ಧ ಲೀಟರಿಗೆ ಇಳಿಸಿದ್ದು ನಮ್ಮ ಗಮನಕ್ಕೆ ಬರಲಿಲ್ಲ. ಮಾವ ಗೇಟಿನ ಬಳಿ ರಿಜಿಸ್ಟರಿಗೆ ಸಹಿ ಹಾಕಿ ಬರುತ್ತಿದ್ದರು. ಕಾನೂನಿನ ಭಾಷೆಯಲ್ಲಿ ಅದು 'ಲೇ ಆಫ್'. ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿದ ಅಧ್ಯಾಯದ ಪ್ರಕಾರ ಇಂಥ ದಿನಗಳಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಲ್ಲಬೇಕಿತ್ತು. ಆದರೆ ನಿಗದಿತ ಹೊತ್ತಿಗೆ ಹಾಜರಿ ಕೊಡಬೇಕು. ಮಾವನಿಗೆ ಎರಡು ತಿಂಗಳು ಪರಿಹಾರ ಬಂದಿತು, ಮೂರನೆಯ ತಿಂಗಳು ಬರಲಿಲ್ಲ. ಅಲ್ಲಿ ಹಣ ಕೊಡಬೇಕಾದವನು ಮಾಲೀಕ. ಅವನ ಪೆಟ್ಟಿಗೆಯೇ ಬರಿದಾದ ಮೇಲೆ ಕಾನೂನಿನ ಪುಸ್ತಕ ಹಿಡಿದು ಏನು ಮಾಡುವುದು? ಪೆಟ್ಟಿಗೆ ತುಂಬಿದ್ದಾಗಲೇ ಒಂದಿಷ್ಟನ್ನು ಬೇರೆಡೆ ತೆಗೆದಿಡಬೇಕು. ನಿರುದ್ಯೋಗ ವಿಮೆ ಹುಟ್ಟಿದ್ದು ಈ ಸರಳ ವಿವೇಕದಿಂದ.

ದೇಶಕ್ಕೆ ದೇಶವೇ ಅನ್ವಯಿಸುವ ಕಡ್ಡಾಯ ಕಾನೂನನ್ನು ಮೊದಲು ಮಾಡಿದ್ದು ಬ್ರಿಟನ್, 1911ರಲ್ಲಿ. ಕಟ್ಟಡ ನಿರ್ಮಾಣ, ಹಡಗು ಕಟ್ಟುವಿಕೆ, ಎಂಜಿನಿಯರಿಂಗ್ ಮೊದಲಾದ ಕೆಲವೇ ಕಸುಬುಗಳಿಗೆ ಅದು ಅನ್ವಯಿಸುತ್ತಿತ್ತು. ಕೆಲಸಗಾರನಿಂದ ವಾರಕ್ಕೆ ಎರಡೂವರೆ ಪೆನ್ಸ್, ಮಾಲೀಕನಿಂದ ಅಷ್ಟೇ, ಮೇಲೆ ಸರ್ಕಾರದ ಪಾಲು. ವಸೂಲಿಯ ವಿಧಾನ ಬಲು ಸೊಗಸಾಗಿತ್ತು. ಅಂಚೆ ಕಚೇರಿಯಲ್ಲಿ ಸ್ಟಾಂಪು ಕೊಂಡು ಕೆಲಸಗಾರನ ಪುಸ್ತಕಕ್ಕೆ ಅಂಟಿಸುವುದು, ಅಷ್ಟೇ. ಕೆಲಸ ಹೋದರೆ ವಾರಕ್ಕೆ 7 ಷಿಲಿಂಗ್, ಹೆಚ್ಚೆಂದರೆ ವರ್ಷಕ್ಕೆ 15 ವಾರ.

ಅಮೆರಿಕದಲ್ಲಿ ಈ ವಿಚಾರ ಬೇರೆಯದೇ ರೂಪ ತಾಳಿತು. ಅದಕ್ಕೆ ಕಾರಣ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಜಾನ್ ಆರ್. ಕಾಮನ್ಸ್. ವಿಸ್ಕಾನ್ಸಿನ್ ರಾಜ್ಯ 1911ರಲ್ಲೇ ಕಾರ್ಖಾನೆಯ ಅಪಘಾತಗಳಿಗೆ ಮಾಲೀಕನೇ ಪರಿಹಾರ ಕೊಡಬೇಕೆಂಬ ಕಾಯಿದೆ ಮಾಡಿತ್ತು. ಅಪಘಾತ ಹೆಚ್ಚಾದರೆ ವಿಮೆಯ ಕಂತೂ ಹೆಚ್ಚು. ಹೀಗಾದ ಮೇಲೆ ಮಾಲೀಕರು ತಾವಾಗಿಯೇ ಗಾಲಿಗಳಿಗೆ ಮುಚ್ಚಳ ಹಾಕಿಸಲು, ಯಂತ್ರಗಳಿಗೆ ಕಟಕಟೆ ಕಟ್ಟಿಸಲು ಮುಂದಾದರು. ಕಾಮನ್ಸ್ ಇದನ್ನು ನಿರುದ್ಯೋಗಕ್ಕೂ ಅನ್ವಯಿಸಿ ಯೋಚಿಸಿದರು. ಕೆಲಸದಿಂದ ತೆಗೆಯುವುದಕ್ಕೂ ಒಂದು ಬೆಲೆ ಕಟ್ಟಿದರೆ, ಮಾಲೀಕ ವರ್ಷವಿಡೀ ಕೆಲಸವನ್ನು ಸಮನಾಗಿ ಹಂಚಲು ಯತ್ನಿಸುತ್ತಾನಲ್ಲವೇ? ಬ್ರಿಟಿಷರದು ಬಿದ್ದವನನ್ನು ಎತ್ತುವ ಯೋಜನೆ, ಕಾಮನ್ಸರದು ಬೀಳದಂತೆ ತಡೆಯುವ ಯೋಜನೆ. ನನ್ನಂತಹ ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಥರ್ಮೋಸ್ಟಾಟ್ ಇದ್ದ ಹಾಗೆ ಕಾಣುತ್ತದೆ. ಬಿಸಿ ಏರಿದಾಗ ಅದೇ ಬಿಸಿಯೇ ಸ್ವಿಚ್ಚನ್ನು ಆರಿಸುವ ಉಪಾಯ. ಈ ಥರ್ಮೋಸ್ಟಾಟಿನಲ್ಲಿ ಒಂದು ದೋಷವಿತ್ತು, ಅದನ್ನು ಮುಂದೆ ನೋಡೋಣ.

ಸೆನೆಟರ್ ಹೆನ್ರಿ ಹ್ಯೂಬರ್ 1921ರಲ್ಲಿ ಮಸೂದೆ ಮಂಡಿಸಿದರು. ಸೋತಿತು. ಆ ದಶಕದಲ್ಲಿ ಮತ್ತೆ ಮತ್ತೆ ಬಂದು ಮತ್ತೆ ಮತ್ತೆ ಸೋತಿತು. ವಿಚಿತ್ರವೆಂದರೆ ಅಮೆರಿಕದ ಬಹುದೊಡ್ಡ ಕಾರ್ಮಿಕ ಒಕ್ಕೂಟವೇ ಸರ್ಕಾರದ ಕಡ್ಡಾಯ ವಿಮೆಯನ್ನು ವಿರೋಧಿಸುತ್ತಿತ್ತು. 1932ರ ಕೊನೆಯವರೆಗೂ ಅದರ ಮನಸ್ಸು ಬದಲಾಗಲಿಲ್ಲ. ಅಷ್ಟರಲ್ಲಿ 1929ರ ಮಹಾ ಕುಸಿತ ಬಂದಿತ್ತು. ಕಾಮನ್ಸರ ಶಿಷ್ಯ ಹೆರಾಲ್ಡ್ ಗ್ರೋವ್ಸ್ 1930ರಲ್ಲಿ ಶಾಸಕರಾಗಿ ಆಯ್ಕೆಯಾದರು. ಅವರ ಜೊತೆ ಮಸೂದೆ ರೂಪಿಸಿದವರು ಪಾಲ್ ರೌಶನ್‌ಬುಷ್ ಮತ್ತು ಎಲಿಜಬೆತ್ ಬ್ರಾಂಡೈಸ್ ದಂಪತಿ. ಎಲಿಜಬೆತ್ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಲೂಯಿ ಬ್ರಾಂಡೈಸರ ಮಗಳು, ಈ ಸಂಬಂಧವನ್ನು ನೆನಪಿಟ್ಟುಕೊಳ್ಳಿ. 1932ರ ಜನವರಿ 28ರಂದು ಗವರ್ನರ್ ಫಿಲಿಪ್ ಲಾ ಫಾಲೆಟ್ ಮಸೂದೆಗೆ ಸಹಿ ಹಾಕಿದರು. ಅಮೆರಿಕದ ಮೊಟ್ಟಮೊದಲ ನಿರುದ್ಯೋಗ ವಿಮಾ ಕಾಯಿದೆ ಅದು.

ಅದರ ವಸೂಲಿ ಹೀಗಿತ್ತು. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಮಾಲೀಕ ಸಂಬಳದ ಮೊತ್ತದ ಶೇಕಡಾ 2ರಷ್ಟನ್ನು ಕಟ್ಟಬೇಕು. ಕೆಲಸಗಾರನಿಂದ ಒಂದು ಸೆಂಟೂ ಇಲ್ಲ. ಪ್ರತಿ ಮಾಲೀಕನ ಹೆಸರಿನಲ್ಲೂ ಬೇರೆ ಬೇರೆ ಖಾತೆ. ಅವನು ಕೆಲಸದಿಂದ ತೆಗೆದವರಿಗೆ ಅವನ ಖಾತೆಯಿಂದಲೇ ಹಣ. ಖಾತೆ ತುಂಬಿದ ಹಾಗೆ ವಂತಿಗೆ ಇಳಿಯುತ್ತದೆ. ಸೌಲಭ್ಯವೋ, ವಾರದ ಸಂಬಳದ ಅರ್ಧ, 10 ಡಾಲರ್ ಮೀರದಂತೆ, ವರ್ಷಕ್ಕೆ ಹೆಚ್ಚೆಂದರೆ 10 ವಾರ. ಇಷ್ಟಕ್ಕೇ ಮಾಲೀಕರು ರಾಜ್ಯ ಬಿಟ್ಟು ಹೋಗುತ್ತೇವೆ ಎಂದರು! 1,75,000 ಕೆಲಸಗಾರರಿಗೆ ಮಾಲೀಕರೇ ಸ್ವಇಚ್ಛೆಯಿಂದ ಯೋಜನೆ ಮಾಡಿದರೆ ಕಡ್ಡಾಯದ ಭಾಗ ಜಾರಿಯಾಗುವುದಿಲ್ಲ ಎಂದೂ ಕಾಯಿದೆಯಲ್ಲಿತ್ತು. ಅಷ್ಟು ಮಂದಿ ಸೇರಲಿಲ್ಲ. ವಸೂಲಿ ಮಾತ್ರ ಒಂದು ವರ್ಷ ಮುಂದೆ ಹೋಗಿ 1934ರ ಜುಲೈಯಲ್ಲಿ ಆರಂಭವಾಯಿತು.

ನೆರೆರಾಜ್ಯಗಳಲ್ಲಿ ಇಂಥ ತೆರಿಗೆಯಿಲ್ಲದಿರುವಾಗ ಒಂದೇ ರಾಜ್ಯ ಹಾಕಿದರೆ ಅಲ್ಲಿಯ ಸರಕು ತುಟ್ಟಿಯಾಗುತ್ತದೆ ಎಂಬ ಭಯ ಸುಳ್ಳಲ್ಲ. ಇದಕ್ಕೆ ಉಪಾಯದ ಎಳೆ ಸಿಕ್ಕಿದ್ದು ನ್ಯಾಯಮೂರ್ತಿ ಬ್ರಾಂಡೈಸರಿಂದ. ಉತ್ತರಾಧಿಕಾರ ತೆರಿಗೆಗೆ ಸಂಬಂಧಿಸಿದ 1927ರ ತೀರ್ಪೊಂದನ್ನು ಓದಿ ನೋಡಿ ಎಂದು ಅವರು ಮಗಳು ಅಳಿಯನಿಗೆ ಸೂಚಿಸಿದರು. ಅದರ ಫಲ 1935ರ ಆಗಸ್ಟ್ 14ರಂದು ರೂಸ್‌ವೆಲ್ಟ್ ಸಹಿ ಹಾಕಿದ ಸಾಮಾಜಿಕ ಭದ್ರತಾ ಕಾಯಿದೆಯಲ್ಲಿದೆ. ಎಂಟು ಅಥವಾ ಹೆಚ್ಚು ಕೆಲಸಗಾರರಿರುವ ಎಲ್ಲ ಮಾಲೀಕರ ಮೇಲೂ ಕೇಂದ್ರವೇ ತೆರಿಗೆ ಹಾಕಿತು. 1936ರಲ್ಲಿ ಶೇಕಡಾ 1, ಮರುವರ್ಷ 2, ಆಮೇಲೆ 3. ಆದರೆ ಮಾಲೀಕ ತನ್ನ ರಾಜ್ಯದ ವಿಮಾ ನಿಧಿಗೆ ಕಟ್ಟಿದ್ದರೆ ಕೇಂದ್ರದ ತೆರಿಗೆಯಲ್ಲಿ ಶೇಕಡಾ 90ರವರೆಗೆ ಮನ್ನಾ. ಅಂದರೆ ರಾಜ್ಯ ಕಾಯಿದೆ ಮಾಡಲಿ, ಬಿಡಲಿ, ಮಾಲೀಕನ ಜೇಬಿನಿಂದ ಹಣ ಹೋಗಿಯೇ ಹೋಗುತ್ತದೆ. ಅದು ವಾಷಿಂಗ್ಟನ್ನಿಗೆ ಹೋಗಬೇಕೋ ನಮ್ಮ ರಾಜ್ಯದಲ್ಲೇ ಉಳಿಯಬೇಕೋ ಎಂಬುದಷ್ಟೇ ಪ್ರಶ್ನೆ. ಯಾವ ಶಾಸನಸಭೆ ತಾನೇ ಬೇಡವೆನ್ನುತ್ತದೆ? 1937ರ ಜೂನ್ ಮುಗಿಯುವಷ್ಟರಲ್ಲಿ ಕೊನೆಯದಾಗಿ ಇಲಿನಾಯ್ ಕೂಡ ಕಾಯಿದೆ ಮಾಡಿತು.

ಅಲಬಾಮಾದ ಸ್ಟೀವರ್ಡ್ ಮೆಷಿನ್ ಎಂಬ ಕಂಪನಿ 46 ಡಾಲರ್ 14 ಸೆಂಟ್ ತೆರಿಗೆ ಕಟ್ಟಿ, ಅದನ್ನು ಹಿಂದಿರುಗಿಸಿ ಎಂದು ಮೊಕದ್ದಮೆ ಹೂಡಿತು. ಇದು ರಾಜ್ಯಗಳ ಮೇಲಿನ ಬಲಾತ್ಕಾರ ಎಂಬುದು ಅದರ ವಾದ. 1937ರ ಮೇ 24ರಂದು ಐದಕ್ಕೆ ನಾಲ್ಕು ಮತಗಳಿಂದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆಸೆ ತೋರಿಸುವುದೂ ಬಲವಂತ ಮಾಡುವುದೂ ಒಂದೇ ಅಲ್ಲ ಎಂಬುದು ತೀರ್ಪು ಬರೆದ ನ್ಯಾಯಮೂರ್ತಿ ಕಾರ್ಡೋಜೋ ಅವರ ನಿಲುವು. ಒಂದೇ ಒಂದು ಮತ ಆಚೆ ಬಿದ್ದಿದ್ದರೆ ಈ ಚರಿತ್ರೆ ಅಲ್ಲಿಗೇ ಮುಗಿಯುತ್ತಿತ್ತು.

ಅಷ್ಟರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಮೊದಲ ಚೆಕ್ ಹೊರಬಿದ್ದಿತ್ತು, 1936ರ ಆಗಸ್ಟ್ 17ರಂದು, 15 ಡಾಲರಿನದು. ಅದನ್ನು ಪಡೆದ ಕೆಲಸಗಾರ ಬ್ಯಾಂಕಿಗೆ ಹಾಕಲಿಲ್ಲ. ಪಾಲ್ ರೌಶನ್‌ಬುಷ್ 25 ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡರು. ಈಗ ಆ ಚೆಕ್ ಅಲ್ಲಿಯ ಐತಿಹಾಸಿಕ ಸಂಘದ ಸಂಗ್ರಹದಲ್ಲಿದೆ. ಆ ಕೆಲಸಗಾರನಿಗೆ ಬಂದ 10 ಡಾಲರ್ ಲಾಭ ನನಗೆ ಬಹಳ ಇಷ್ಟವಾದ ಸಂಗತಿ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಐದು ಮಂದಿಯ ಕಾರ್ಖಾನೆಗೆ ಹಿಂದಿರುಗೋಣ. ಪ್ರತಿಯೊಬ್ಬನ ವಾರದ ಸಂಬಳ 500 ಡಾಲರ್, ಪೂರ್ತಿ ನಿರುದ್ಯೋಗಿಯಾದರೆ ವಿಮೆ 250 ಡಾಲರ್ ಎಂದಿಟ್ಟುಕೊಳ್ಳಿ. ಒಬ್ಬನನ್ನು ತೆಗೆದರೆ ನಿಧಿಯಿಂದ 250 ಹೋಗುತ್ತದೆ. ತೆಗೆಯದೆ ಐವರಿಗೂ ನಾಲ್ಕು ದಿನ ಕೊಟ್ಟರೆ ಪ್ರತಿಯೊಬ್ಬನಿಗೂ 400 ಸಂಬಳ. ಅದು 250ಕ್ಕಿಂತ ಹೆಚ್ಚಾದ್ದರಿಂದ ಹಳೆಯ ನಿಯಮಗಳ ಪ್ರಕಾರ ಯಾರೂ ನಿರುದ್ಯೋಗಿಯಲ್ಲ, ಯಾರಿಗೂ ಚಿಕ್ಕಾಸಿಲ್ಲ. ಮಾಲೀಕ ಒಬ್ಬನನ್ನು ಹೊರಹಾಕಿದರೆ ವಿಮೆ ಬರುತ್ತದೆ, ಎಲ್ಲರನ್ನೂ ಉಳಿಸಿಕೊಂಡರೆ ಬರುವುದಿಲ್ಲ! ಕೆಲಸ ಕಳೆಯದಂತೆ ತಡೆಯಲು ಹುಟ್ಟಿದ ಕಾಯಿದೆ ಕೆಲಸ ಕಳೆಯುವವನಿಗೇ ಅನುಕೂಲ ಮಾಡಿತ್ತು. ನಾನು ಹೇಳಿದ ದೋಷ ಇದೇ.

ಇದನ್ನು ಮೊದಲು ತಿದ್ದಿದ್ದು ಕ್ಯಾಲಿಫೋರ್ನಿಯಾ, 1978ರಲ್ಲಿ. ಆ ಜೂನ್‌ನಲ್ಲಿ ಅಲ್ಲಿಯ ಮತದಾರರು ಆಸ್ತಿ ತೆರಿಗೆಯನ್ನು ತೀವ್ರವಾಗಿ ಕಡಿತಗೊಳಿಸಿದ್ದರು. ಸರ್ಕಾರಿ ನೌಕರರು ಗುಂಪು ಗುಂಪಾಗಿ ಕೆಲಸ ಕಳೆದುಕೊಳ್ಳುತ್ತಾರೆಂಬ ಭಯದಲ್ಲಿ ಶಾಸನಸಭೆ 'ಕೆಲಸ ಹಂಚಿಕೆ'ಯ ಕಾಯಿದೆ ಮಾಡಿತು. ಕೆಲಸದ ಅವಧಿ ಶೇಕಡಾ 20 ಕಡಿಮೆಯಾದರೆ ವಿಮೆಯ ಶೇಕಡಾ 20 ಕೊಡಬಹುದು. ನಮ್ಮ ಲೆಕ್ಕದಲ್ಲಿ 250ರ ಶೇಕಡಾ 20 ಎಂದರೆ 50. ಕೆಲಸಗಾರನಿಗೆ 400 ಕೂಡಿಸು 50, ಒಟ್ಟು 450. ನಿಧಿಗೆ ಖರ್ಚು? ಐದು ಐವತ್ತು 250. ಒಬ್ಬನನ್ನು ತೆಗೆದಿದ್ದರೂ ಅಷ್ಟೇ ಖರ್ಚಾಗುತ್ತಿತ್ತು! ಜರ್ಮನಿಯಲ್ಲಿ ಇದು ಹಳೆಯ ಪದ್ಧತಿ. ಅಲ್ಲಿ 2009ರ ಬಿಕ್ಕಟ್ಟಿನಲ್ಲಿ ಸುಮಾರು 15 ಲಕ್ಷ ಮಂದಿ ಹೀಗೆ ಅರೆಕೆಲಸದಲ್ಲಿ ಉಳಿದರು. ಅಮೆರಿಕದಲ್ಲಿ ಮಾತ್ರ ಇದು ಮೂಲೆಯ ಯೋಜನೆಯಾಗಿಯೇ ಉಳಿಯಿತು. 2012ರಲ್ಲಿ ಮತ್ತು ಕೋವಿಡ್ ಬಂದ 2020ರಲ್ಲಿ ಕೇಂದ್ರ ಹಣ ಕೊಟ್ಟು ಪ್ರೋತ್ಸಾಹಿಸಿದರೂ ಎಲ್ಲ ರಾಜ್ಯಗಳೂ ಇದನ್ನು ಅಳವಡಿಸಿಕೊಳ್ಳಲಿಲ್ಲ.

ವಾರವನ್ನು ಹಿಗ್ಗಿಸಿ ಕುಗ್ಗಿಸುವುದರಲ್ಲಿ ಇನ್ನೊಂದು ಬಗೆಯಿದೆ. ಕೆಲಸದ ಗಂಟೆ ಕಡಿಮೆ ಮಾಡದೆ, ದಿನಕ್ಕೆ 10 ಗಂಟೆಯಂತೆ ನಾಲ್ಕೇ ದಿನದಲ್ಲಿ 40 ಗಂಟೆ ಮುಗಿಸುವುದು. ಅನುಕೂಲವೆಂದು ಕೆಲವರಿಗೆ ಕಂಡರೆ, ಓವರ್‌ಟೈಮ್ ತಪ್ಪಿಸುವ ತಂತ್ರವೆಂದು ಕೆಲವರಿಗೆ ಕಾಣುತ್ತದೆ. ಇಲ್ಲೂ ಕ್ಯಾಲಿಫೋರ್ನಿಯಾದ 1999ರ ಕಾಯಿದೆ ನೋಡತಕ್ಕದ್ದು. ದಿನಕ್ಕೆ 8 ಗಂಟೆ ಮೀರಿದರೆ ಓವರ್‌ಟೈಮ್ ಎಂಬ ನಿಯಮವನ್ನು ಅದು ಮತ್ತೆ ತಂದಿತು. 10 ಗಂಟೆಯ ದಿನ ಬೇಕಿದ್ದರೆ ಆ ವಿಭಾಗದ ಕೆಲಸಗಾರರು ಗುಪ್ತ ಮತದಾನದಲ್ಲಿ ಮೂರನೆಯ ಎರಡರಷ್ಟು ಬಹುಮತದಿಂದ ಒಪ್ಪಬೇಕು. ಮಾಲೀಕನೆದುರು ಕೈ ಎತ್ತುವುದಕ್ಕೂ ಪೆಟ್ಟಿಗೆಯಲ್ಲಿ ಚೀಟಿ ಹಾಕುವುದಕ್ಕೂ ಇರುವ ವ್ಯತ್ಯಾಸ ಕಾಲೇಜು ಚುನಾವಣೆ ಕಂಡ ನಿಮಗೆ ಗೊತ್ತೇ ಇದೆ.

ವಸೂಲಿಯ ಕಡೆ ಚಿತ್ರ ಅಷ್ಟು ಚೆನ್ನಾಗಿಲ್ಲ. ಕೇಂದ್ರದ ತೆರಿಗೆ ಪ್ರತಿ ಕೆಲಸಗಾರನ ವಾರ್ಷಿಕ ಸಂಬಳದ ಮೊದಲ 3,000 ಡಾಲರಿಗೆ ಮಾತ್ರ ಎಂದು 1939ರ ತಿದ್ದುಪಡಿ ಹೇಳಿತು. 1983ರಲ್ಲಿ ಅದು 7,000 ಆಯಿತು, ಆಮೇಲೆ ಅಲ್ಲಾಡಲೇ ಇಲ್ಲ. ಕ್ಯಾಲಿಫೋರ್ನಿಯಾವೂ ಅದೇ ಮಿತಿಯನ್ನು ಇಟ್ಟುಕೊಂಡಿತು. ಪರಿಣಾಮವಾಗಿ 2020ರ ನಂತರ ಅದರ ನಿಧಿ ಬರಿದಾಗಿ ಕೇಂದ್ರಕ್ಕೆ ಸುಮಾರು 2,000 ಕೋಟಿ ಡಾಲರ್ ಸಾಲಗಾರನಾಯಿತು. ಇನ್ನು ಕಾಮನ್ಸರ ಥರ್ಮೋಸ್ಟಾಟಿನಿಂದ ತಪ್ಪಿಸಿಕೊಳ್ಳಲು ಕೆಲವು ಮಾಲೀಕರು ಹೊಸ ಹೆಸರಿನ ಕಂಪನಿ ತೆರೆದು, ಕೆಲಸಗಾರರನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಕೆಟ್ಟ ಖಾತೆಯನ್ನು ಕೈಬಿಡುತ್ತಿದ್ದರು. ಇದನ್ನು ತಡೆಯಲು ರಾಜ್ಯಗಳೆಲ್ಲ ಕಾಯಿದೆ ಮಾಡಬೇಕೆಂದು ಕೇಂದ್ರ 2004ರಲ್ಲಿ ವಿಧಿಸಬೇಕಾಯಿತು.

ನಮ್ಮಲ್ಲಿ? ನಿರುದ್ಯೋಗಕ್ಕೆಂದೇ ಬೇರೆ ವಂತಿಗೆ ವಸೂಲು ಮಾಡಿಲ್ಲ. ಕಾರ್ಮಿಕರ ರಾಜ್ಯ ವಿಮೆಯ, ಅಂದರೆ ಇ.ಎಸ್.ಐ.ನ, ನಿಧಿಯಿಂದಲೇ 2005ರಲ್ಲಿ ಒಂದು, 2018ರಲ್ಲಿ ಇನ್ನೊಂದು ಯೋಜನೆ ಬಂದವು. ಎರಡನೆಯದು ಸರಾಸರಿ ಗಳಿಕೆಯ ಶೇಕಡಾ 25ರಷ್ಟನ್ನು 90 ದಿನಗಳವರೆಗೆ ಕೊಡುತ್ತಿತ್ತು, 2020ರಲ್ಲಿ ಅದನ್ನು ಶೇಕಡಾ 50ಕ್ಕೆ ಏರಿಸಿದರು. ಕೆಲಸದ ವೇಳೆಯ ವಿಷಯದಲ್ಲಿ, ಕರ್ನಾಟಕ ವಿಧಾನಮಂಡಲ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ ವಿರಾಮವೂ ಸೇರಿ 12 ಗಂಟೆಯವರೆಗೆ ಅವಕಾಶ ಮಾಡಿತು. ಅದಕ್ಕೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕೆಂದಿತ್ತು. ಅಲ್ಲಿ ಗುಪ್ತ ಮತದ ಚೀಟಿ, ಇಲ್ಲಿ ಒಬ್ಬೊಬ್ಬನ ಸಹಿ. ನಮ್ಮ ಮಾವನನ್ನು ಈ ಎರಡರಲ್ಲಿ ಯಾವುದು ಮೇಲು ಎಂದು ಕೇಳಿದೆ. ಗೇಟಿನ ಬಳಿಯ ರಿಜಿಸ್ಟರಿಗೆ ತಾವು ಎಷ್ಟು ಸಹಿ ಹಾಕಿದ್ದರೆಂದು ಅವರು ಬೆರಳು ಮಡಿಚಿ ಎಣಿಸತೊಡಗಿದರು.