ಮತ ಕೊಟ್ಟವರ ಮನಸ್ಸು

ಕನ್ನಡದಲ್ಲಿ 'ಮತ' ಎಂಬ ಒಂದೇ ಮಾತಿಗೆ ಮೂರು ಅರ್ಥಗಳುಂಟು: ಧರ್ಮ, ಅಭಿಪ್ರಾಯ, ಮತ್ತು ವೋಟು. ಶಾಸನಸಭೆಯಲ್ಲಿ ಹೆಂಗಸರ ಪ್ರಶ್ನೆ ಎದ್ದಾಗಲೆಲ್ಲ ಈ ಮೂರೂ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಸದಸ್ಯನ ಧರ್ಮ ಒಂದು ಹೇಳುತ್ತದೆ, ಬುದ್ಧಿ ಇನ್ನೊಂದು ಹೇಳುತ್ತದೆ. ಕೊನೆಗೆ ಬಿದ್ದ ವೋಟು ಯಾವುದರ ಮಾತು ಕೇಳಿತೆಂದು ತಿಳಿಯುವುದು ಕಷ್ಟ. ಇದಕ್ಕೆ 1929ರ ಶಾರದಾ ಕಾಯಿದೆಗಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಶಾರದಾ ಎಂದರೆ ಯಾರೋ ಹೆಣ್ಣುಮಗಳೆಂದು ನಂಬಿದವರನ್ನು ನಾನು ಕಂಡಿದ್ದೇನೆ. ಅದು ಅಜ್ಮೀರದ ಹರ್‌ಬಿಲಾಸ್ ಸಾರ್ಡಾ ಅವರ ಮನೆತನದ ಹೆಸರು. 1927ರಲ್ಲಿ ಅವರು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಮಸೂದೆ ಹಿಂದೂಗಳಿಗೆ ಮಾತ್ರ ಸಂಬಂಧಪಟ್ಟದ್ದು. 12 ತುಂಬದ ಹುಡುಗಿಗೆ ಮಾಡಿದ ಮದುವೆ ಮದುವೆಯೇ ಅಲ್ಲ ಎಂದು ಅದು ಸಾರಿತ್ತು. ಮಸೂದೆ ಸದಸ್ಯರ ಸಮಿತಿಗೆ ಹೋಗಿ ಹಿಂತಿರುಗುವಷ್ಟರಲ್ಲಿ ಅದರ ರೂಪವೇ ಬೇರೆಯಾಗಿತ್ತು. ಅದು ಎಲ್ಲ ಧರ್ಮದವರಿಗೂ ಅನ್ವಯಿಸಿತು. ವಯಸ್ಸು ಹುಡುಗಿಗೆ 14, ಹುಡುಗನಿಗೆ 18 ಎಂದು ಏರಿತು. ಆದರೆ ಮದುವೆ ಅಸಿಂಧು ಎಂಬ ಮಾತು ಹೊರಟುಹೋಯಿತು. ಮದುವೆ ನಿಲ್ಲುತ್ತದೆ, ಮಾಡಿಸಿದವರಿಗೆ ಶಿಕ್ಷೆ. ಸಂಸ್ಕಾರವನ್ನು ಮುಟ್ಟಲು ಕೈ ನಡುಗಿತು. ದಂಡ ಹಾಕಲು ನಡುಗಲಿಲ್ಲ.

ಮತ ಕೊಡಬೇಕಾದವರು ಯಾರೆಂಬುದನ್ನು ಓದುಗರು ನೆನೆಯಬೇಕು. ಆ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅವರನ್ನು ಆರಿಸಿ ಕಳುಹಿಸಿದವರು ಆಸ್ತಿ, ತೆರಿಗೆಗಳ ಅರ್ಹತೆಯುಳ್ಳ ಕೆಲವೇ ಜನ. ಅವರಲ್ಲೂ ಬಹುಮಂದಿ ಗಂಡಸರು. ಮದರಾಸಿನ ಎಂ. ಕೆ. ಆಚಾರ್ಯರಂಥವರು ಶಾಸ್ತ್ರದ ಪಕ್ಷ ಹಿಡಿದು ಕಡೆಯತನಕ ವಿರೋಧಿಸಿದರು. ಮುಸ್ಲಿಂ ಸದಸ್ಯರಲ್ಲಿ ಹಲವರು ತಮ್ಮ ವೈಯಕ್ತಿಕ ಕಾನೂನಿಗೆ ಸರ್ಕಾರ ಕೈಹಾಕಬಾರದೆಂದರು. ಜಿನ್ನಾ ಅವರು ಮಸೂದೆಯನ್ನು ಬೆಂಬಲಿಸಿದರು. ಇದೇ ಕಾಲಕ್ಕೆ, 1927ರಲ್ಲಿ, ಕ್ಯಾಥರೀನ್ ಮೇಯೋ ಎಂಬ ಅಮೆರಿಕದ ಲೇಖಕಿ ಭಾರತವನ್ನು ಹಳಿದು ಬರೆದ ಪುಸ್ತಕ ಹೊರಬಂದಿತ್ತು. ಸುಧಾರಣೆಯನ್ನು ಒಪ್ಪಿದರೆ ಆಕೆಯ ಮಾತನ್ನು ಒಪ್ಪಿದಂತಾಗುವುದೋ, ಒಪ್ಪದಿದ್ದರೆ ಆಕೆಯ ಮಾತೇ ನಿಜವಾಗುವುದೋ ಎಂಬ ಸಂಕಟವೂ ಸೇರಿಕೊಂಡಿತು.

ಸರ್ಕಾರದ ಸದಸ್ಯರಿಗೆ ಈ ಸಂಕಟವಿಲ್ಲ. ಸರ್ಕಾರ ಎತ್ತ ಎಂದರೆ ಅತ್ತ. ಸರ್ಕಾರವೋ ಜನರ ಕೋಪಕ್ಕೆ ಅಂಜಿ ಕಾಲಹರಣ ಮಾಡುತ್ತಿತ್ತು. 1928ರಲ್ಲಿ ಸರ್ ಮೋರೋಪಂತ ಜೋಶಿಯವರ ಅಧ್ಯಕ್ಷತೆಯಲ್ಲಿ ಸಮ್ಮತಿ ವಯಸ್ಸಿನ ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ವರದಿ ಬರಲೆಂದು 1929ರ ಜನವರಿಯಲ್ಲಿ ಮಸೂದೆಯನ್ನು ಮುಂದೂಡಿಸಿತು.

ಕಾಲ ಕಳೆಯಲೆಂದು ನೇಮಿಸಿದ ಸಮಿತಿ ಕೆಲಸ ಮಾಡಿಬಿಟ್ಟಿತು. ಅದರಲ್ಲಿ ಇಬ್ಬರು ಮಹಿಳೆಯರಿದ್ದರು: ರಾಮೇಶ್ವರಿ ನೆಹರೂ, ಮತ್ತು ಮದರಾಸಿನ ಆಸ್ಪತ್ರೆಯ ವೈದ್ಯೆ ಬೀಡನ್. ಮುಂದೆ ಮೈಸೂರಿನ ದಿವಾನರಾದ ಆರ್ಕಾಟ್ ರಾಮಸ್ವಾಮಿ ಮುದಲಿಯಾರರೂ ಸದಸ್ಯರಾಗಿದ್ದರು. ಸುಮಾರು 8,000 ಪ್ರಶ್ನಾವಳಿಗಳನ್ನು ಹಂಚಿ, ಊರೂರು ಸುತ್ತಿ ಸಾಕ್ಷ್ಯ ಪಡೆದರು. ಎಳೆಯ ತಾಯಂದಿರ ಸಾವುನೋವುಗಳ ವಿಷಯ ಶಾಸ್ತ್ರಿಗಳ ಚಾವಡಿಯಿಂದ ವೈದ್ಯರ ಸಾಕ್ಷ್ಯಕ್ಕೆ ಬಂತು. 1927ರಲ್ಲಿ ಪುಣೆಯಲ್ಲಿ ಮೊದಲ ಬಾರಿಗೆ ಸೇರಿದ್ದ ಅಖಿಲ ಭಾರತ ಮಹಿಳಾ ಸಮ್ಮೇಳನದವರು ಸದಸ್ಯರನ್ನೂ ನಾಯಕರನ್ನೂ ಕಂಡು ಒತ್ತಾಯಿಸಿದರು. ಅಳುಕುತ್ತಿದ್ದ ಸದಸ್ಯನಿಗೆ, 'ಧರ್ಮವನ್ನು ನಾನು ಬಿಟ್ಟಿಲ್ಲ. ಸಾಕ್ಷ್ಯವನ್ನು ಒಪ್ಪಿದೆ' ಎಂದು ಊರಿಗೆ ಹೇಳಿಕೊಳ್ಳಲು ಒಂದು ಆಸರೆ ದೊರೆಯಿತು. ಸರ್ಕಾರವೂ ಮಗ್ಗುಲು ಬದಲಿಸಿತು. ಸೆಪ್ಟೆಂಬರಿನಲ್ಲಿ ಮಸೂದೆ ಗೆದ್ದಿತು.

ಆದರೆ ವೋಟು ಧೈರ್ಯ ತೋರಿದಲ್ಲಿ ಕಲಮುಗಳು ಅಂಜಿಕೆಯನ್ನು ಬಚ್ಚಿಟ್ಟುಕೊಂಡಿದ್ದವು. ಯಾರಾದರೂ ದೂರು ಕೊಟ್ಟರೆ ಮಾತ್ರ ವಿಚಾರಣೆ. ದೂರು ಕೊಡುವವನು 100 ರೂಪಾಯಿಯವರೆಗೆ ಜಾಮೀನು ಬರೆದುಕೊಡಬೇಕು. ಒಂದು ವರ್ಷ ಕಳೆದರೆ ಪ್ರಶ್ನೆಯೇ ಇಲ್ಲ. ನೆರೆಮನೆಯವರ ಮದುವೆಯೂಟ ಉಂಡು ಬಂದು, ಜಾಮೀನು ಕೊಟ್ಟು, ಅವರನ್ನೇ ಕೋರ್ಟಿಗೆಳೆಯುವ ಪುಣ್ಯಾತ್ಮನೆಲ್ಲಿ ಸಿಕ್ಕಾನು? ಮದುವೆಗಳನ್ನು ನೋಂದಾಯಿಸಬೇಕೆಂದು ಜೋಶಿ ಸಮಿತಿ ಹೇಳಿದ್ದೂ ಕಾಯಿದೆಯೊಳಗೆ ಬರಲಿಲ್ಲ. ಕಾಯಿದೆ ಜಾರಿಗೆ ಬರುವುದು 1930ರ ಏಪ್ರಿಲ್ 1ಕ್ಕೆ ಎಂದು ಮೊದಲೇ ತಿಳಿದಿದ್ದರಿಂದ, ಆ ಆರು ತಿಂಗಳಲ್ಲಿ ತಂದೆತಾಯಿಗಳು ಮುಹೂರ್ತಕ್ಕೆ ಮುಗಿಬಿದ್ದರು. ಅದರ ಗುರುತು 1931ರ ಜನಗಣತಿಯಲ್ಲಿ ಉಳಿದಿದೆ.

ನಮ್ಮ ಮೈಸೂರು ಇದಕ್ಕೆ ಬಹು ಮುಂಚೆಯೇ, 1894ರಲ್ಲಿ, 8 ತುಂಬದ ಹುಡುಗಿಯ ಮದುವೆಯನ್ನೂ, 50 ದಾಟಿದವನು 14ರೊಳಗಿನವಳನ್ನು ಮದುವೆಯಾಗುವುದನ್ನೂ ನಿಷೇಧಿಸಿತ್ತು. ಇಂದು ನಗು ತರಿಸುವಷ್ಟು ಕಿರಿಯ ವಯಸ್ಸದು. ಅಂದು ಅದೂ ಸಾಹಸವೇ. ಮುಂದೆ 1978ರಲ್ಲಿ ವಯಸ್ಸು 18, 21 ಆಯಿತು. 2006ರಲ್ಲಿ ಹೊಸ ಕಾಯಿದೆ ಬಂತು. ಆಗಲೂ ಬಾಲ್ಯವಿವಾಹ ತಾನಾಗಿ ರದ್ದಾಗಲಿಲ್ಲ. ಬಯಸಿದರೆ ರದ್ದುಮಾಡಿಸಿಕೊಳ್ಳಬಹುದಾಗಿತ್ತು, ಅಷ್ಟೆ. ಅದು ಆರಂಭದಿಂದಲೇ ಅಸಿಂಧು ಎಂದು 2016ರ ತಿದ್ದುಪಡಿಯಿಂದ ಸಾರಿದ್ದು ಕರ್ನಾಟಕ. 2017ರಲ್ಲಿ ಸುಪ್ರೀಂ ಕೋರ್ಟು ಇದನ್ನು ಮೆಚ್ಚಿ, ಇತರ ರಾಜ್ಯಗಳೂ ಅನುಸರಿಸಲೆಂದಿತು.

ಸಾರ್ಡಾ ಅವರ ಮಸೂದೆಯಿಂದ ಸಮಿತಿ ಹೊಡೆದುಹಾಕಿದ್ದ ಮಾತು ಹೀಗೆ ಹೆಚ್ಚುಕಡಿಮೆ 90 ವರ್ಷಗಳ ಮೇಲೆ ನಮ್ಮ ವಿಧಾನಮಂಡಲದಲ್ಲಿ ಮರುಹುಟ್ಟು ಪಡೆಯಿತು. ಆದ್ದರಿಂದ ಹೆಂಗಸರ ಹಿತದ ಮಸೂದೆಯೊಂದು ಗೆದ್ದಿತೆಂಬ ಸುದ್ದಿ ಓದಿದಾಗ, ಪರವಾಗಿ ಎಷ್ಟು ಮತ ಬಿದ್ದವೆಂದು ನಾನು ಮೊದಲು ನೋಡುವುದಿಲ್ಲ. ಸಮಿತಿಯ ಕೋಣೆಯಲ್ಲಿ ಯಾವ ಸಾಲನ್ನು ಹೊಡೆದರು, ಅದು ಮರಳುವವರೆಗೆ ಕಾಯಬೇಕಾದವರು ಯಾರು ಎಂದು ನೋಡುತ್ತೇನೆ.