ಕರುಳೆಂಬ ಹೊಲದ ಕಳೆ

ಈ ಶಾಲೆಯಲ್ಲಿ ಓದುವಾಗ ಬ್ಯಾಕ್ಟೀರಿಯಾ ಎಂದರೆ ರೋಗ, ಆಂಟಿಬಯಾಟಿಕ್ ಎಂದರೆ ಗುಣ ಎಂದಷ್ಟೇ ನಾನು ತಿಳಿದಿದ್ದೆ. ನಾನು ವೈದ್ಯನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ವೈದ್ಯಕೀಯ ಇತಿಹಾಸದ ಒಂದು ಪ್ರಸಂಗ ನನ್ನ ಆ ತಿಳಿವಳಿಕೆಯನ್ನು ತಿದ್ದಿತು.

1935ರಲ್ಲಿ ಅಮೆರಿಕದ ಹಾಲ್ ಮತ್ತು ಓಟೂಲ್ ಎಂಬ ವಿಜ್ಞಾನಿಗಳು ನವಜಾತ ಶಿಶುಗಳ ಮಲದಲ್ಲಿ ಹೊಸ ಬ್ಯಾಕ್ಟೀರಿಯಾವೊಂದನ್ನು ಕಂಡರು. ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸಿ ಬೆಳೆಸುವುದು ಕಷ್ಟವಾಗಿತ್ತು. ಹಾಗಾಗಿ ಲ್ಯಾಟಿನ್‌ನಲ್ಲಿ ‘ಕಷ್ಟದ್ದು’ ಎಂಬ ಅರ್ಥದ ಹೆಸರಿಟ್ಟರು. ಇಂದು ಅದನ್ನು ‘ಸಿ. ಡಿಫಿಸಿಲ್’ ಎನ್ನುತ್ತಾರೆ. ಶಿಶುಗಳು ಆರೋಗ್ಯವಾಗಿಯೇ ಇದ್ದುದರಿಂದ ಅದನ್ನು ಯಾರೂ ಹೆಚ್ಚು ಗಮನಿಸಲಿಲ್ಲ.

ಮುಂದೆ ಆಂಟಿಬಯಾಟಿಕ್‌ಗಳ ಬಳಕೆ ಹೆಚ್ಚಿತು. ಅವನ್ನು ಸೇವಿಸಿದ ಕೆಲವರಿಗೆ ತೀವ್ರ ಭೇದಿಯಾಗಿ ಕರುಳೇ ಹುಣ್ಣಾಗತೊಡಗಿತು. 1958ರಲ್ಲಿ ಡೆನ್ವರ್ ನಗರದ ಶಸ್ತ್ರವೈದ್ಯ ಬೆನ್ ಐಸ್‌ಮನ್ ಮತ್ತು ಸಂಗಡಿಗರು ಇಂಥ ನಾಲ್ವರು ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಎನಿಮಾ ಮೂಲಕ ಕೊಟ್ಟ ಬಗ್ಗೆ ವರದಿ ಮಾಡಿದರು. ಕೇಳಲು ಅಸಹ್ಯವೆನಿಸಬಹುದು, ನಾಲ್ವರೂ ಚೇತರಿಸಿಕೊಂಡರು. ಈ ಬಗೆಯ ಕಾಯಿಲೆಗೆ ಸಿ. ಡಿಫಿಸಿಲ್ ಕಾರಣವೆಂದು ಗೊತ್ತಾದದ್ದು ಇಪ್ಪತ್ತು ವರ್ಷಗಳ ನಂತರ, 1978ರಲ್ಲಿ.

ಈ ಕಾಯಿಲೆ ವಾಸಿಯಾದರೂ ಮತ್ತೆ ಮರುಕಳಿಸುವುದೇಕೆ? ನಮ್ಮೂರಿನ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಪೈರು ದಟ್ಟವಾಗಿದ್ದರೆ ಕಳೆಗೆ ಜಾಗವಿಲ್ಲ. ನಮ್ಮ ಕರುಳಿನಲ್ಲಿರುವ ಲಕ್ಷ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳೇ ಆ ಪೈರು. ಅವು ಆಹಾರಕ್ಕಾಗಿ ಪೈಪೋಟಿ ನಡೆಸುತ್ತವೆ. ಪಿತ್ತರಸವನ್ನು ಮಾರ್ಪಡಿಸಿ ಸಿ. ಡಿಫಿಸಿಲ್ ಬೆಳೆಯದಂತೆ ತಡೆಯುತ್ತವೆ. ಆಂಟಿಬಯಾಟಿಕ್ ಪೈರನ್ನೂ ಕಳೆಯನ್ನೂ ಒಟ್ಟಿಗೆ ಸುಡುತ್ತದೆ. ಆದರೆ ಕಳೆಯ ಬೀಜದಂತಿರುವ ಬೀಜಾಣುಗಳು ಸಾಯುವುದಿಲ್ಲ. ಔಷಧಿ ನಿಂತೊಡನೆ ಬರಿದಾದ ಹೊಲದಲ್ಲಿ ಅವೇ ಮೊದಲು ಮೊಳೆಯುತ್ತವೆ.

2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ಕ್ರಮಬದ್ಧವಾಗಿ ತೋರಿಸಿದರು. ಆರೋಗ್ಯವಂತ ದಾನಿಗಳ ಸೂಕ್ಷ್ಮಜೀವಿಗಳನ್ನು ಪಡೆದ 16 ರೋಗಿಗಳಲ್ಲಿ 15 ಮಂದಿ ಗುಣವಾದರು. ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರೇ. 2022ರಲ್ಲಿ ಅಮೆರಿಕ ಸರ್ಕಾರ ಇಂಥ ಮೊದಲ ಔಷಧಿಗೆ ಅನುಮತಿ ನೀಡಿತು. ದಾನಿಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ ವೈದ್ಯರೇ ಮಾಡಬೇಕಾದ ಚಿಕಿತ್ಸೆಯಿದು, ಮನೆಮದ್ದಲ್ಲ.

ಆಂಟಿಬಯಾಟಿಕ್ ಅನೇಕರ ಜೀವ ಉಳಿಸಿದೆ, ಮುಂದೆಯೂ ಉಳಿಸುತ್ತದೆ. ಆದರೆ ನೆಗಡಿಗೆಲ್ಲ ಅಂಗಡಿಯಿಂದ ನಾವೇ ಮಾತ್ರೆ ತಂದು ನುಂಗುವ ಮುನ್ನ, ಒಳಗಿರುವ ಪೈರನ್ನು ಒಮ್ಮೆ ನೆನೆಯೋಣ. ನಮ್ಮ ಶಾಲೆಯ ಇಂದಿನ ಮಕ್ಕಳು ಬ್ಯಾಕ್ಟೀರಿಯಾ ಪಾಠವನ್ನು ನನಗಿಂತ ಪೂರ್ಣವಾಗಿ ಕಲಿಯಲಿ ಎಂಬುದೇ ನನ್ನ ಹಾರೈಕೆ.